ನೆಲದ ಡೊಂಕು

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ಕನ್ನಡದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಸಲಕರಣೆ ಸರಿಯಿಲ್ಲವೆಂದು ದೂರುವ ಯಾವ ಕೆಲಸಗಾರನೂ ಅದರ ಏಟು ತಿನ್ನದೆ ಪಾರಾಗುವುದಿಲ್ಲ. ಕಂಪ್ಯೂಟರ್ ಹಳೆಯದು, ಫಾಂಟ್ ಸರಿಯಿಲ್ಲ, ಉಳಿ ಮೊಂಡಾಗಿದೆ ಎಂದು ಬಾಯಿಬಿಟ್ಟವನಿಗೆ ಕೈಯಲ್ಲಿ ಕಸುಬಿಲ್ಲವೆಂಬ ತೀರ್ಪು ಸಿದ್ಧವಾಗಿಯೇ ಇರುತ್ತದೆ. ಕಸುಬುದಾರನಾದವನು ಹರಕು ಮುರುಕಿನಲ್ಲೂ ಚೆಲುವನ್ನು ಹುಟ್ಟಿಸುತ್ತಾನೆ ಎಂಬ ಮೆಚ್ಚುನುಡಿಯೂ ಅದರ ಬೆನ್ನಿಗೇ ಬರುತ್ತದೆ. ಗಾದೆಯಲ್ಲಿ ಜಾಣತನವಿದೆ, ಒಪ್ಪಬೇಕು. ಆದರೆ ಒಂದು ಸಣ್ಣ ಅನ್ಯಾಯವೂ ಇದೆ: ನೆಲದ ಮೇಲೆ ಒಮ್ಮೆ ರಸಮಟ್ಟ ಇಟ್ಟು ನೋಡೋಣವೆಂದು ಅದು ಯಾರಿಗೂ ಹೇಳುವುದಿಲ್ಲ.

ವಿನ್ಯಾಸದ ಕೆಲಸದಲ್ಲಿ ಈ ರಸಮಟ್ಟದ ಅಗತ್ಯ ಹೆಚ್ಚು. ಇಲ್ಲಿ ವಿನ್ಯಾಸವೆಂದರೆ ಬರಿಯ ಅಲಂಕಾರವಲ್ಲ. ಒಂದು ವಸ್ತುವಿನ ಆಕಾರ, ಅಳತೆ, ಬಣ್ಣ, ಬಿಡಬೇಕಾದ ಜಾಗ ಇವುಗಳ ಬಗ್ಗೆ ಕೆಲಸಕ್ಕೆ ಮೊದಲೂ ಕೆಲಸದ ನಡುವೆಯೂ ಮಾಡುತ್ತ ಹೋಗುವ ತೀರ್ಮಾನಗಳೆಲ್ಲವೂ ಸೇರಿ ವಿನ್ಯಾಸವೆನಿಸಿಕೊಳ್ಳುತ್ತದೆ. ಈ ತೀರ್ಮಾನಗಳಲ್ಲಿ ಎಷ್ಟು ಕೈಯದು, ಎಷ್ಟು ಸಲಕರಣೆಯದು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ನೋಡಲು ಹೈದರಾಬಾದಿಗಿಂತ ಅನುಕೂಲವಾದ ಊರು ಸಿಗುವುದು ಕಷ್ಟ. ನಗರದ ಪಶ್ಚಿಮಕ್ಕಿರುವ ರಾಯದುರ್ಗದಲ್ಲಿ ತೆಲಂಗಾಣ ಸರ್ಕಾರ 2023ರ ಮಾರ್ಚ್‌ನಲ್ಲಿ ಟಿ-ವರ್ಕ್ಸ್ ಎಂಬ ಕೇಂದ್ರವನ್ನು ತೆರೆಯಿತು. ಹೊಸ ವಸ್ತುವೊಂದರ ಮೊದಲ ಮಾದರಿಯನ್ನು ಮಾಡಿ ನೋಡಲು ಬೇಕಾದ ಲೇಸರ್ ಕಟಿಂಗ್ ಯಂತ್ರ, ತ್ರೀಡಿ ಪ್ರಿಂಟರ್, ಕಂಪ್ಯೂಟರ್ ನಡೆಸುವ ಲೋಹದ ಯಂತ್ರಗಳೆಲ್ಲ 78,000 ಚದರ ಅಡಿಯ ಆ ಒಂದೇ ಸೂರಿನಡಿ ಸಿಗುತ್ತವೆ. ಅದೇ ನಗರದ ಹಳೆಯ ಭಾಗದಲ್ಲಿ, 1591ರ ಚಾರ್‌ಮಿನಾರಿನಿಂದ ನಡೆದೇ ತಲುಪುವಷ್ಟು ದೂರದಲ್ಲಿ, ಛತ್ತಾ ಬಜಾರ್ ಎಂಬ ಬೀದಿಯಿದೆ. ಮದುವೆಯ ಕಾರ್ಡು, ಪೋಸ್ಟರು, ಬಿಲ್ ಪುಸ್ತಕಗಳ ಮುದ್ರಣಕ್ಕೆ ಹೆಸರಾದ ಈ ಬೀದಿ ಅದಕ್ಕೂ ಮೊದಲು ಕಾತಿಬರ ಬೀದಿಯಾಗಿತ್ತು.

ಕಾತಿಬನೆಂದರೆ ಬರೆಯುವವನು, ಮುದ್ರಣಕ್ಕಾಗಿ ಉರ್ದುವನ್ನು ಅಂದವಾಗಿ ಕೈಯಲ್ಲೇ ಬರೆದುಕೊಡುವ ಕಸುಬಿನವನು. ಉರ್ದುವಿಗೆ ಒಗ್ಗಿದ ನಸ್ತಾಲಿಕ್ ಶೈಲಿಯ ಬರಹ ನೆಟ್ಟಗಿನ ಗೆರೆಯ ಮೇಲೆ ಕೂರುವುದಿಲ್ಲ. ಪ್ರತಿ ಪದವೂ ಬಲಗಡೆ ಮೇಲಿನಿಂದ ಶುರುವಾಗಿ ಎಡಕ್ಕೆ ಇಳಿಜಾರಿನಲ್ಲಿ ಇಳಿಯುತ್ತದೆ, ಒಂದೊಂದು ಅಕ್ಷರವೂ ಅಕ್ಕಪಕ್ಕದ ಅಕ್ಷರ ಯಾವುದೆಂದು ನೋಡಿಕೊಂಡು ತನ್ನ ರೂಪ ಬದಲಿಸುತ್ತದೆ. ಒತ್ತಕ್ಷರಗಳ ಕಾಟ ಬಲ್ಲ ಕನ್ನಡದ ಮುದ್ರಕರಿಗೂ ಇದು ತಲೆತಿರುಗಿಸುವ ಲೆಕ್ಕ. ಈ ಇಳಿಜಾರನ್ನು ಸೀಸದ ಮೊಳೆಗಳಲ್ಲಿ ಹಿಡಿಯುವುದು ಕಷ್ಟವಾದ್ದರಿಂದ ಉರ್ದು ಮುದ್ರಣ ಬಹುಪಾಲು ಕಲ್ಲಚ್ಚನ್ನೇ ನೆಚ್ಚಿಕೊಂಡಿತು. ಜಿಡ್ಡಿನ ಶಾಯಿಯಿಂದ ಕಾಗದದ ಮೇಲೆ ಬರೆದದ್ದನ್ನು ಕಲ್ಲಿನ ಮೇಲೆ ತಿರುವಾಗಿ ಒತ್ತಿ, ಆ ಕಲ್ಲಿನಿಂದ ಪ್ರತಿಗಳನ್ನು ತೆಗೆಯುವ ವಿಧಾನವಿದು. ಮುಂದೆ ಆಫ್‌ಸೆಟ್ ಯಂತ್ರಗಳು ಬಂದ ಮೇಲೂ ಅವಕ್ಕೆ ಬೇಕಾದ ಮೂಲಪ್ರತಿ ಕಾತಿಬನ ಕೈಯಿಂದಲೇ ಬರಬೇಕಾಗಿತ್ತು. 1949ರಲ್ಲಿ ಆರಂಭವಾದ ‘ಸಿಯಾಸತ್’ನಂಥ ಹೈದರಾಬಾದಿನ ದಿನಪತ್ರಿಕೆಗಳು ದಶಕಗಳ ಕಾಲ ಹೀಗೆ ಕೈಬರಹದಲ್ಲೇ ಓದುಗರ ಮನೆ ತಲುಪಿದವು.

ಕಾತಿಬನ ಸಲಕರಣೆಗಳ ಪಟ್ಟಿ ಮಾಡಹೊರಟರೆ ಅರ್ಧ ಸಾಲಿನಲ್ಲಿ ಮುಗಿದುಹೋಗುತ್ತದೆ: ಜೊಂಡಿನ ಕಲಮು, ಅದನ್ನು ಕತ್ತರಿಸುವ ಚಾಕು, ಶಾಯಿ, ಕಾಗದ. ಇಷ್ಟು ಬಡ ಸಲಕರಣೆಯಿಂದ ಅಷ್ಟು ಸಿರಿವಂತ ಬರಹ ಎಂಬ ಬೆರಗು ಸಹಜವಾದರೂ ಅದು ಪೂರ್ತಿ ನಿಜವಲ್ಲ, ಏಕೆಂದರೆ ಆ ಕಲಮು ಬಡ ಸಲಕರಣೆಯಲ್ಲ. ಅದರ ತುದಿಯನ್ನು ಓರೆಯಾಗಿ ಕತ್ತರಿಸಿ, ನಡುವೆ ಸೀಳಿ, ಶಾಯಿಯಲ್ಲಿ ಅದ್ದಿ ಕಾಗದಕ್ಕೊಮ್ಮೆ ಒತ್ತಿದರೆ ವಜ್ರದಾಕಾರದ ಒಂದು ಚುಕ್ಕೆ ಮೂಡುತ್ತದೆ. ಕತ್ ಎಂದು ಕರೆಯುವ ಈ ಚುಕ್ಕೆಯೇ ಇಡೀ ಬರಹದ ಅಳತೆಗೋಲು. ಅಲಿಫ್ ಎಂಬ ನಿಲುವಾದ ಅಕ್ಷರ ನಸ್ತಾಲಿಕ್‌ನಲ್ಲಿ ಸುಮಾರು ಮೂರು ಚುಕ್ಕೆಯೆತ್ತರ ಇರಬೇಕು. ಬಟ್ಟಲಿನಂತೆ ಬಾಗುವ ಅಕ್ಷರಗಳ ಅಗಲ ಆಳಗಳಿಗೂ ಇಷ್ಟಿಷ್ಟು ಚುಕ್ಕೆಯೆಂಬ ಲೆಕ್ಕವಿದೆ. ಕಲಮನ್ನು ಅಗಲವಾಗಿ ಕತ್ತರಿಸಿದರೆ ಚುಕ್ಕೆ ದೊಡ್ಡದಾಗುತ್ತದೆ, ಚುಕ್ಕೆಯ ಜೊತೆಗೆ ಅಕ್ಷರವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಬೇರೆ ಸ್ಕೇಲು ಬೇಕಿಲ್ಲ. ಬರೆಯುತ್ತ ಬರೆಯುತ್ತ ತುದಿ ಸವೆದಾಗ ಅದನ್ನು ಮತ್ತೆ ಕತ್ತರಿಸಬೇಕು, ಹಾಗೆ ಕತ್ತರಿಸಿದ ಕೋನದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಗೆರೆಯ ದಪ್ಪ ತೆಳುವಿನ ಓಟ ಬದಲಾಗುತ್ತದೆ. ಹೀಗಾಗಿ ಶಿಷ್ಯನಾದವನು ಬರೆಯುವುದನ್ನು ಕಲಿಯುವಷ್ಟೇ ಶ್ರದ್ಧೆಯಿಂದ ಕತ್ತರಿಸುವುದನ್ನೂ ಕಲಿಯುತ್ತಿದ್ದ. ಅಂಗಡಿಯಿಂದ ತಂದ ಜೊಂಡು ಅರೆಬರೆ ವಸ್ತು; ಅದು ಕಲಮಾಗುವುದು ಬರೆಯುವವನ ಕೈಯಲ್ಲಿಯೇ.

ಈ ಲೋಕಕ್ಕೆ ಕಂಪ್ಯೂಟರ್ ಬಂದ ಬಗೆ ವಿಚಿತ್ರವಾಗಿದೆ. ಕಾತಿಬನ ಕೆಲಸವನ್ನು ಕಿತ್ತುಕೊಂಡದ್ದು ಕಲಮನ್ನರಿಯದ ಯಾವನೋ ಇಂಜಿನಿಯರ್ ಅಲ್ಲ, ಸ್ವತಃ ಕಲಮು ಹಿಡಿದವರೇ. ಕರಾಚಿಯ ಮಿರ್ಜಾ ಅಹ್ಮದ್ ಜಮೀಲ್ ಅವರು ಉರ್ದು ಪದಗಳಲ್ಲಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ಪಡೆಯುವ ರೂಪಗಳನ್ನು ಸಾವಿರಾರು ಸಂಖ್ಯೆಯಲ್ಲಿ ಒಂದೊಂದಾಗಿ ಕೈಯಿಂದ ಬರೆದು, ಮೊನೊಟೈಪ್ ಸಂಸ್ಥೆಯ ಜೊತೆ ಸೇರಿ 1981ರಲ್ಲಿ ನೂರಿ ನಸ್ತಾಲಿಕ್ ಎಂಬ ಫಾಂಟನ್ನು ಸಿದ್ಧಪಡಿಸಿದರು. ದೆಹಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಸಂಸ್ಥೆ 1994ರಲ್ಲಿ ಹೊರತಂದ ಇನ್‌ಪೇಜ್ ಎಂಬ ತಂತ್ರಾಂಶದ ಮೂಲಕ ಅದು ಸಾಮಾನ್ಯ ಕಂಪ್ಯೂಟರುಗಳಿಗೂ ಇಳಿಯಿತು. ಆ ಬಳಿಕ ಛತ್ತಾ ಬಜಾರಿನಲ್ಲೂ ಪತ್ರಿಕಾ ಕಚೇರಿಗಳಲ್ಲೂ ಕಾತಿಬನ ಮೇಜಿದ್ದ ಜಾಗಕ್ಕೆ ಆಪರೇಟರನ ಮೇಜು ಬಂತು. ಒಬ್ಬ ನುರಿತ ಬರಹಗಾರನ ಕೈ ಅಷ್ಟೂ ರೂಪಗಳಲ್ಲಿ ಘನೀಭವಿಸಿ, ಬರೆಯಲು ಬಾರದವರ ಬೆರಳ ತುದಿಗೂ ದಕ್ಕಿತು. ಒಬ್ಬನೇ ಕಾತಿಬ ಇಡೀ ಉಪಖಂಡದ ಪತ್ರಿಕೆಗಳನ್ನು ಬರೆಯತೊಡಗಿದಂತಾಯಿತು.

ಇದನ್ನು ಬರೀ ನಷ್ಟವೆಂದು ಬರೆದುಕೊಳ್ಳುವುದು ಸುಲಭ, ಬಹಳ ಜನ ಹಾಗೆ ಬರೆದೂ ಇದ್ದಾರೆ. ಆದರೆ ದಿನಪತ್ರಿಕೆಯ ಕಾತಿಬ ಬರೆಯುತ್ತಿದ್ದುದು ಗೋಡೆಗೆ ತೂಗುಹಾಕುವ ಸೂಕ್ತಿಗಳನ್ನಲ್ಲ; ಮಾರುಕಟ್ಟೆಯ ಧಾರಣೆ, ಟೆಂಡರು, ರಾತ್ರಿ ತಡವಾಗಿ ಬಂದ ತಂತಿ ಸುದ್ದಿ, ಇವನ್ನೆಲ್ಲ ದೀಪದಡಿ ಬೆನ್ನು ಬಾಗಿಸಿ, ಬೆಳಗಾಗುವುದರೊಳಗೆ ಪುಟ ಮುಗಿಸಬೇಕಾದ ದುಡಿಮೆ ಅದು. ಕಣ್ಣು ಮಂಜಾದ ಮೇಲೆ ಅವನನ್ನು ಕೇಳುವವರಿರಲಿಲ್ಲ. ಧಾರಣೆಯ ಕಾಲಮ್ಮನ್ನು ಯಂತ್ರ ಬರೆದರೆ ಕಲೆಗೆ ಯಾವ ಕೊರತೆಯೂ ಆಗುವುದಿಲ್ಲ. ಕೊರತೆಯಾದದ್ದು ಬೇರೆ ಕಡೆ: ಪದದ ಇಳಿಜಾರು ಎಷ್ಟಿರಬೇಕು, ಯಾವ ಅಕ್ಷರವನ್ನು ಎಳೆದು ಸಾಲು ತುಂಬಿಸಬೇಕು, ಯಾವುದನ್ನು ಕುಗ್ಗಿಸಬೇಕು ಎಂಬ ತೀರ್ಮಾನಗಳು ಬೆನ್ನುನೋವಿನ ಜೊತೆಗೇ ಹೊರಟುಹೋದವು. ಆಪರೇಟರನಿಗೆ ಉಳಿದದ್ದು ಟೈಪು ಮಾಡುವುದು. ಮದುವೆಯ ಕಾರ್ಡಿನಲ್ಲಿ ವಧೂವರರ ಹೆಸರನ್ನು ಮಾತ್ರ ಕೈಯಲ್ಲಿ ಬರೆಸಿ ಸ್ಕ್ಯಾನ್ ಮಾಡಿ ಕೂರಿಸುವ ಪದ್ಧತಿ ಆಮೇಲೂ ಉಳಿದುಕೊಂಡದ್ದು ಈ ಕೊರತೆ ಗಿರಾಕಿಗಳ ಕಣ್ಣಿಗೂ ಬಿದ್ದಿತೆಂಬುದಕ್ಕೆ ಸಾಕ್ಷಿ.

ಹಾಗೆಂದು ಆಪರೇಟರನೊಳಗೆ ಕಸುಬುದಾರ ಸತ್ತೇಹೋದನೆಂದು ತಿಳಿಯಬಾರದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಆಸುಪಾಸಿನಲ್ಲಿಯೂ ನಗರದ ಇತರ ಭಾಗಗಳಲ್ಲಿಯೂ ತಲೆಮಾರುಗಳಿಂದ ನೆಲೆಸಿದ ಕನ್ನಡ ಕುಟುಂಬಗಳು ಲಗ್ನಪತ್ರಿಕೆಯನ್ನು ಕನ್ನಡದಲ್ಲಿ ಅಚ್ಚುಹಾಕಿಸಲು ಹೊರಟಾಗ ಎದುರಾಗುವ ಪೇಚನ್ನು ನೋಡಿದರೆ ಇದು ತಿಳಿಯುತ್ತದೆ. ಮುದ್ರಣ ವಲಯದ ಕನ್ನಡ ಫಾಂಟುಗಳು ಬಹಳ ಕಾಲ ಯೂನಿಕೋಡ್‌ನ, ಎಂದರೆ ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರಸಂಕೇತದ, ಹೊರಗೇ ಇದ್ದವು. ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಸಿದ್ಧಪಡಿಸಿದ ಫೈಲು ತೆಲುಗು ಫಾಂಟುಗಳಷ್ಟೇ ಇರುವ ಹೈದರಾಬಾದಿನ ಕಂಪ್ಯೂಟರಿನಲ್ಲಿ ತೆರೆದಾಗ ‘ಶ್ರೀ’ಕಾರದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಆಶ್ಚರ್ಯಸೂಚಕ, ಡಾಲರ್ ಚಿಹ್ನೆಗಳು ಕುಣಿಯುತ್ತವೆ. ಇದಕ್ಕೆ ಡಿಟಿಪಿಯವರು ಕಂಡುಕೊಂಡ ಮದ್ದು ‘ಕರ್ವ್ಸ್ ಮಾಡಿ ಕಳಿಸಿ’ ಎಂಬುದು. ಅಕ್ಷರಗಳನ್ನು ಅಕ್ಷರಗಳಾಗಿ ಉಳಿಸದೆ, ಕೋರಲ್‌ಡ್ರಾ ಎಂಬ ತಂತ್ರಾಂಶದಲ್ಲಿ ಅವುಗಳ ಹೊರಗೆರೆಯನ್ನು ಚಿತ್ರವಾಗಿಸಿ ಕಳಿಸಿದರೆ ಫಾಂಟಿನ ಹಂಗಿಲ್ಲ. ಆದರೆ ಚಿತ್ರವಾದ ಮೇಲೆ ತಪ್ಪನ್ನು ಟೈಪು ಮಾಡಿ ತಿದ್ದುವಂತಿಲ್ಲ. ಸೋದರಮಾವನ ಹೆಸರಿನಲ್ಲಿ ‘ಳ’ದ ಬದಲು ‘ಲ’ ಬಿದ್ದಿದೆಯೆಂದು ಕೊನೆ ಗಳಿಗೆಯಲ್ಲಿ ಗೊತ್ತಾದರೆ, ಕನ್ನಡವೇ ಓದಲು ಬಾರದ ಆಪರೇಟರ್ ಪತ್ರಿಕೆಯ ಕೆಳಗಿನ ಸಾಲಿನಲ್ಲಿರುವ ‘ಮಂಗಳ’ದಿಂದ ಒಂದು ‘ಳ’ವನ್ನು ಕತ್ತರಿಸಿ ತಂದು, ಗಾತ್ರ ಹೊಂದಿಸಿ, ಗೆರೆಗೆ ಗೆರೆ ಕೂಡಿಸಿ ಹೆಸರನ್ನು ಸರಿಪಡಿಸುತ್ತಾನೆ. ಹಿಂದಿನ ಕಂಪಾಸಿಟರು ಮೊಳೆ ಕಡಿಮೆ ಬಿದ್ದಾಗ ಮಾಡುತ್ತಿದ್ದುದಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಸಾಫ್ಟ್‌ವೇರನ್ನು ರೂಪಿಸಿದವರು ಈ ಉಪಾಯವನ್ನು ಕನಸಿನಲ್ಲೂ ಎಣಿಸಿರಲಾರರು. ಇಷ್ಟಾದರೂ ಇದನ್ನು ಸೃಜನಶೀಲತೆಯೆಂದು ಹಾಡಿ ಹೊಗಳುವ ಮುನ್ನ, ಒಂದು ಸರಿಯಾದ ಫಾಂಟು ಇದ್ದಿದ್ದರೆ ಆ ಜಾಣ್ಮೆ ಕಾರ್ಡಿನ ಅಂದಕ್ಕೆ ಸಲ್ಲುತ್ತಿತ್ತಲ್ಲ ಎಂದು ಕೇಳಿಕೊಳ್ಳುವುದು ನ್ಯಾಯ.

ಸಲಕರಣೆ ಹೆಚ್ಚು ಬದಲಾಗದೆ ಉಳಿದ ಕಸುಬನ್ನು ನೋಡಬೇಕೆಂದರೆ ಹೈದರಾಬಾದಿನಿಂದ ಸಂಗಾರೆಡ್ಡಿ, ಜಹೀರಾಬಾದ್‌ಗಳ ಮೂಲಕ ಸುಮಾರು 140 ಕಿಲೋಮೀಟರ್ ದೂರದ ಬೀದರಿಗೆ ಹೋಗಬೇಕು. ಅಷ್ಟು ದೂರ ಹೋಗಲಾರದವರಿಗೆ ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ಬಿದ್ರಿಯ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕಸುಬಿನ, ಸಂಗ್ರಹವಿದೆ. 1956ರ ನವೆಂಬರ್ 1ರವರೆಗೂ ಬೀದರ್ ಹೈದರಾಬಾದ್ ರಾಜ್ಯದ್ದೇ ಭಾಗವಾಗಿದ್ದರಿಂದ ಬಿದ್ರಿಯ ದೊಡ್ಡ ಗಿರಾಕಿಗಳು ಹೈದರಾಬಾದಿನ ದೇವಡಿಗಳಲ್ಲೇ, ಎಂದರೆ ಸಿರಿವಂತರ ಮಹಲುಗಳಲ್ಲೇ ಇದ್ದರು. ಬಹುಪಾಲು ಸತು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ವಸ್ತುವನ್ನು ಅರದಿಂದ ನಯಗೊಳಿಸಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಿ, ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ ಹೂಬಳ್ಳಿಯನ್ನು ನೇರವಾಗಿ ಕೈಯಲ್ಲೇ ಗೀಚಲಾಗುತ್ತದೆ; ಅಚ್ಚೂ ಇಲ್ಲ, ಟ್ರೇಸಿಂಗ್ ಕಾಗದವೂ ಇಲ್ಲ. ಗೀಚಿದ ಗೆರೆಯನ್ನು ಸಣ್ಣ ಉಳಿಗಳಿಂದ ಕೆತ್ತಿ, ಆ ತೋಡಿನೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಆ ಮೇಲಿನ ಹಂತವೇ ಸ್ವಾರಸ್ಯಕರವಾದದ್ದು. ಉಜ್ಜಿ ಹೊಳಪು ಕೊಟ್ಟಾಗ ತಾತ್ಕಾಲಿಕ ಕಪ್ಪು ಹೋಗಿಬಿಡುತ್ತದೆ, ಸತುವಿನ ಬೂದುಬಿಳುಪೂ ಬೆಳ್ಳಿಯ ಬಿಳುಪೂ ಹೆಚ್ಚುಕಡಿಮೆ ಒಂದೇ ಆಗಿ, ದಿನಗಟ್ಟಲೆ ಕೆತ್ತಿದ ವಿನ್ಯಾಸ ಕಣ್ಣಿಗೆ ಕಾಣದಂತಾಗುತ್ತದೆ. ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ವಸ್ತುವಿಗೆ ಹಚ್ಚಿ ತೊಳೆದಾಗಲೇ ಸತುವಿನ ಮೈ ಕಡುಗಪ್ಪಾಗಿ, ಕಪ್ಪು ತಾಗದ ಬೆಳ್ಳಿ ಎದ್ದು ತೋರುತ್ತದೆ. ಕುಶಲಕರ್ಮಿ ಕೆತ್ತುವಾಗ ಕಾಣುವುದು ಒಂದು ಕಪ್ಪು, ವಿನ್ಯಾಸ ಮಾಡುವುದು ಇನ್ನೊಂದು ಕಪ್ಪಿಗಾಗಿ. ತಂತಿ ಎಷ್ಟು ತೆಳುವಾದರೆ ಕೊನೆಯ ಕಪ್ಪಿನಲ್ಲಿ ಮುಳುಗಿಹೋದೀತು, ಹೂವಿನ ಸುತ್ತ ಎಷ್ಟು ಜಾಗ ಬಿಟ್ಟರೆ ತೆರಪಾಗಿ ಕಂಡೀತು ಎಂಬ ಅಂದಾಜು ಅವನ ಮನಸ್ಸಿನಲ್ಲೇ ನಡೆಯಬೇಕು. ಬಿಸಿಲು ಮಳೆ ತಾಗದ ಕಡೆಯಿಂದ ತೆಗೆದ ಆ ಮಣ್ಣು ಪಕ್ವವಾಗಿದೆಯೇ ಎಂಬುದನ್ನು ನಾಲಗೆಗೆ ತಾಗಿಸಿ ಪರೀಕ್ಷಿಸುವ ರೂಢಿಯೂ ಇದೆ.

ಹೊಳಪು ಕೊಡುವ ಹಂತಕ್ಕೆ ವಿದ್ಯುತ್ ಮೋಟಾರಿನ ಗಾಲಿ ಬಂದಾಗ ಇಲ್ಲಿ ಯಾರೂ ಗೋಳಾಡಲಿಲ್ಲ. ಉಜ್ಜುವುದು ಉಜ್ಜುವುದೇ, ಅದರಲ್ಲಿ ತೀರ್ಮಾನವೇನೂ ಇಲ್ಲ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದರೆ ಈ ಹೆಸರು ಈ ನೆಲದ ವಸ್ತುವಿಗೆ ಮಾತ್ರ ಸಲ್ಲುತ್ತದೆಂಬ ಕಾನೂನಿನ ಮಾನ್ಯತೆ ದೊರೆಯಿತು, 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀಯೂ ಸಂದಿತು. ಆದರೆ ಸಾಲಾರ್‌ಜಂಗ್‌ನ ಗಾಜಿನ ಹಿಂದಿರುವ ಹುಕ್ಕಾ ಬುಡಗಳನ್ನು ಮಾಡಿದವರ ಹೆಸರು ಬಹುಪಾಲು ತಿಳಿದಿಲ್ಲ, ಕೊಳ್ಳುತ್ತಿದ್ದವರ ಹೆಸರು ಮಾತ್ರ ಚೆನ್ನಾಗಿ ತಿಳಿದಿದೆ.

ಇಲ್ಲಿಯವರೆಗಿನ ಉದಾಹರಣೆಗಳಲ್ಲಿ ನೆಲ ತಕ್ಕಮಟ್ಟಿಗೆ ಸಮವಾಗಿಯೇ ಇತ್ತು. ಅದು ನಿಜವಾಗಿಯೂ ಡೊಂಕಾಗಿದ್ದ ಪ್ರಸಂಗ ಹೈದರಾಬಾದಿನ ಪೂರ್ವಕ್ಕೆ, ಪೋಚಂಪಲ್ಲಿ ಶೈಲಿಯ ಸೀರೆ ನೇಯುವ ಊರುಗಳಲ್ಲಿ ಸಿಗುತ್ತದೆ. ಇಕ್ಕತ್ ಎಂಬ ಈ ಪದ್ಧತಿಯಲ್ಲಿ ಬಟ್ಟೆಗೆ ಬಣ್ಣ ಹಾಕುವುದಿಲ್ಲ, ನೇಯುವ ಮೊದಲೇ ನೂಲಿಗೆ ಹಾಕಲಾಗುತ್ತದೆ. ನಕ್ಷೆಯ ಪ್ರಕಾರ ನೂಲಿನ ಕಟ್ಟುಗಳನ್ನು ಅಲ್ಲಲ್ಲಿ ಬಿಗಿದು ಬಣ್ಣದಲ್ಲಿ ಅದ್ದಿದರೆ ಬಿಗಿದ ಕಡೆ ಬಣ್ಣ ಹಿಡಿಯುವುದಿಲ್ಲ. ಹಾಗೆ ಬಿಗಿಯಲು ಸೈಕಲ್ಲಿನ ಹಳೆಯ ಟ್ಯೂಬನ್ನು ಕತ್ತರಿಸಿದ ರಬ್ಬರ್ ಪಟ್ಟಿಗಳನ್ನು ಬಳಸುವುದು ಈ ನೇಕಾರರ ಉಪಾಯಗಳಲ್ಲೊಂದು. ಬಿಗಿಯುವುದಕ್ಕೂ ಮೊದಲಿನ ಹಂತ ಆಸು. ಒಂದು ಬದಿಗೆ ಒಂದು ಗೂಟ, ಎದುರು ಬದಿಗೆ ಅರೆವೃತ್ತದಲ್ಲಿ ಸಾಲಾಗಿ ನೆಟ್ಟ ಗೂಟಗಳು. ಈ ಚೌಕಟ್ಟಿನ ಮುಂದೆ ಕೂತು ನೂಲನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ, ಎಳೆ ತಪ್ಪದಂತೆ ಸುತ್ತುತ್ತ ಹೋಗಬೇಕು. ಒಂದು ಸೀರೆಗೆ ತೋಳು ಸುಮಾರು 9,000 ಸಲ ಹೋಗಿ ಬರಬೇಕು, ನಾಲ್ಕೈದು ಗಂಟೆ ಹಿಡಿಯುತ್ತದೆ. ದಿನಕ್ಕೆ ಎರಡು ಸೀರೆಯಾದರೆ 18,000 ಸಲ. ಈ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದು, ಹೆಗಲ ನೋವೂ ಅವರದೇ.

ಆಲೇರಿನ ಬಳಿಯ ಶಾರ್ಜಿಪೇಟೆಯ ಚಿಂತಕಿಂದಿ ಮಲ್ಲೇಶಂ ಆರನೇ ತರಗತಿಗೇ ಶಾಲೆ ಬಿಟ್ಟ ನೇಕಾರರು. ತಾಯಿ ಲಕ್ಷ್ಮಿಯವರ ಹೆಗಲ ನೋವನ್ನು ನೋಡಲಾರದೆ 1992ರಲ್ಲಿ ಆಸು ಯಂತ್ರದ ಕೆಲಸಕ್ಕೆ ಕೈಹಾಕಿದರು. ಮರದ ಚೌಕಟ್ಟು, ಮೋಟಾರು ಎಂದು ಒಂದೊಂದಾಗಿ ಕೂಡಿಸುತ್ತ, ಹಣ ಮುಗಿದಾಗ ನಿಲ್ಲಿಸುತ್ತ, ಊರವರ ನಗೆಗೂ ಗುರಿಯಾಗುತ್ತ ಮುಂದುವರಿದ ಕೆಲಸ ಕೊನೆಯಲ್ಲಿ ಒಂದು ಚಲನೆಯಲ್ಲಿ ಸಿಕ್ಕಿಹಾಕಿಕೊಂಡಿತು. ಹೊಟ್ಟೆಪಾಡಿಗಾಗಿ ಹೈದರಾಬಾದಿನಲ್ಲಿ ವಿದ್ಯುತ್ ಕೆಲಸ ಮಾಡಿಕೊಂಡಿದ್ದಾಗ, 1999ರಲ್ಲಿ, ಬಾಲಾನಗರದ ಕಾರ್ಯಾಗಾರವೊಂದರಲ್ಲಿ ಬೇರಾವುದೋ ಕೆಲಸದ ಯಂತ್ರವೊಂದು ತಮಗೆ ಬೇಕಾಗಿದ್ದ ರೀತಿಯಲ್ಲೇ ಚಲಿಸುವುದನ್ನು ಕಂಡು ಅವರು ತಮ್ಮ ಯಂತ್ರವನ್ನು ಪೂರ್ಣಗೊಳಿಸಿದರು. ತಾಯಿಯ ಹೆಸರನ್ನೇ ಹೊತ್ತ ಲಕ್ಷ್ಮಿ ಆಸು ಯಂತ್ರ ನಾಲ್ಕೈದು ಗಂಟೆಯ ಕೆಲಸವನ್ನು ಎರಡು ಗಂಟೆಯೊಳಗೆ ಮುಗಿಸುತ್ತದೆ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2019ರಲ್ಲಿ ಅವರ ಬದುಕು ತೆಲುಗು ಸಿನಿಮಾ ಆಯಿತು.

ಇಂಥ ಕಥೆಗಳನ್ನು ಹೇಳುವಾಗ ಆ ಏಳು ವರ್ಷಗಳನ್ನು ತಪಸ್ಸೆಂದು ಬಣ್ಣಿಸುವ ಚಟವಿದೆ. ಟಿ-ವರ್ಕ್ಸ್‌ನಂಥ ಜಾಗ ಅಂದೇ ಇದ್ದು, ಅದರ ಬಾಗಿಲು ಶಾರ್ಜಿಪೇಟೆಯವರಿಗೂ ತೆರೆದಿದ್ದರೆ ಏಳರಲ್ಲಿ ಐದಾದರೂ ಉಳಿಯುತ್ತಿತ್ತು, ಅಷ್ಟು ಕಾಲದ ಹೆಗಲ ನೋವೂ ತಪ್ಪುತ್ತಿತ್ತು. ಬಡತನ ಒಳ್ಳೆಯ ಗುರುವೆಂದು ಹೇಳುವವರು ಸಾಮಾನ್ಯವಾಗಿ ಆ ಗುರುವಿನ ಹತ್ತಿರ ಪಾಠ ಹೇಳಿಸಿಕೊಂಡವರಲ್ಲ. ಆದರೆ ಟಿ-ವರ್ಕ್ಸ್‌ನ ಯಾವ ಯಂತ್ರವೂ ಕೊಡಲಾರದ್ದು ಒಂದು ಮಲ್ಲೇಶಂ ಅವರ ಬಳಿ ಮೊದಲಿನಿಂದಲೂ ಇತ್ತು: ಕೆಲಸದಲ್ಲಿ ನೋವಾಗುವುದು ಎಲ್ಲಿ, ತೀರ್ಮಾನವಾಗುವುದು ಎಲ್ಲಿ ಎಂಬ ಖಚಿತ ತಿಳಿವಳಿಕೆ. ಅವರ ಯಂತ್ರ ತೋಳಿನ ಓಡಾಟವನ್ನಷ್ಟೇ ಎತ್ತಿಕೊಂಡು, ನಕ್ಷೆ ಹಾಕುವುದು, ಬಿಗಿಯುವುದು, ಬಣ್ಣಕ್ಕೆ ಅದ್ದುವುದು, ಮಗ್ಗದ ಮೇಲೆ ಎಳೆಗೆ ಎಳೆ ಕೂಡಿಸುವುದು ಇವನ್ನು ಮುಟ್ಟದೆ ಬಿಟ್ಟಿತು. ಹೆಚ್ಚುಕಡಿಮೆ ಅದೇ ಹತ್ತು ವರ್ಷಗಳಲ್ಲಿ ಛತ್ತಾ ಬಜಾರಿಗೆ ಬಂದ ತಂತ್ರಾಂಶ ನೋವನ್ನೂ ತೀರ್ಮಾನವನ್ನೂ ಒಟ್ಟಿಗೆ ಬಾಚಿಕೊಂಡಿತ್ತು. ಆಸು ಯಂತ್ರವನ್ನೂ ನೂರಿ ನಸ್ತಾಲಿಕ್‌ನ ಅಕ್ಷರಗಳನ್ನೂ ರೂಪಿಸಿದವರು ಆಯಾ ಕಸುಬಿನೊಳಗಿನವರೇ ಆದ್ದರಿಂದ ತಿಳಿವಳಿಕೆಯ ಕೊರತೆ ಇದಕ್ಕೆ ಕಾರಣವಲ್ಲ. ಯಂತ್ರಕ್ಕೆ ಒಪ್ಪಿಸಿದ ಕೆಲಸ ಯಾರ ಅವಸರಕ್ಕಾಗಿ ಎಂಬುದರಲ್ಲಿ ವ್ಯತ್ಯಾಸವಿದೆ. ಒಂದು ಕಡೆ ಅವಸರ ಬೆಳಗಿನ ಪತ್ರಿಕೆಯದು, ಇನ್ನೊಂದು ಕಡೆ ಒಬ್ಬ ಹೆಂಗಸಿನ ಹೆಗಲಿನದು.

ಪೋಚಂಪಲ್ಲಿ ಇಕ್ಕತ್‌ಗೆ 2005ರಲ್ಲೇ ಭೌಗೋಳಿಕ ಸೂಚ್ಯಂಕ ದೊರೆತಿದ್ದರೂ ಅದರ ನಕ್ಷೆಗಳನ್ನು ಅಚ್ಚು ಹಾಕಿದ ಅಗ್ಗದ ಬಟ್ಟೆ ಸಿಕಂದರಾಬಾದಿನ ಜನರಲ್ ಬಜಾರಿನಂಥ ಪೇಟೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ನಿಜವಾದ ಇಕ್ಕತ್ತಿನಲ್ಲಿ ಆಕೃತಿಗಳ ಅಂಚು ಚೂರು ಕದಡಿದಂತಿರುತ್ತದೆ; ಬಿಗಿದ ಕಟ್ಟಿನ ಬಾಯಲ್ಲಿ ಬಣ್ಣ ಸ್ವಲ್ಪ ಒಳಗೆ ಜಿನುಗುತ್ತದೆ, ನೇಯುವಾಗ ಎಳೆ ಕೂದಲಷ್ಟು ಆಚೀಚೆ ಸರಿಯುತ್ತದೆ. ಪದ್ಧತಿಯ ಮಿತಿಯಿಂದ ಹುಟ್ಟಿದ ಈ ಕದಡುವಿಕೆಯೇ ಕಾಲಕ್ರಮದಲ್ಲಿ ಅದರ ಗುರುತಾಯಿತು, ಗಿರಾಕಿ ಅದಕ್ಕೇ ಹಣ ಕೊಡತೊಡಗಿದ. ಅಚ್ಚಿನ ಬಟ್ಟೆಯ ನಕ್ಷೆ ತಯಾರಿಸುವ ಕಂಪ್ಯೂಟರಿಗೆ ನೆಟ್ಟಗಿನ ಅಂಚು ಎಳೆಯುವುದು ಅತ್ಯಂತ ಸುಲಭದ ಕೆಲಸವಾದರೂ, ಅದರ ಮುಂದೆ ಕೂತ ನಕ್ಷೆಗಾರನು ಅಸಲಿ ಸೀರೆಯ ಅಂಚನ್ನು ಸ್ಕ್ಯಾನ್ ಮಾಡಿಯೋ, ಮೌಸಿನಿಂದ ಒಂದೊಂದೇ ಗೀರು ಎಳೆದೋ ಆ ಕದಡುವಿಕೆಯನ್ನು ಶ್ರಮಪಟ್ಟು ತರಬೇಕಾಗುತ್ತದೆ. ಅನುಭವವುಳ್ಳ ಗಿರಾಕಿ ಬಟ್ಟೆಯ ಹಿಂಬದಿ ತಿರುಗಿಸಿ, ಬಣ್ಣ ಎರಡೂ ಕಡೆ ಸಮವಾಗಿದೆಯೇ ಎಂದು ನೋಡುತ್ತಾನೆ. ಅದೂ ಸಾಲದಿದ್ದರೆ ಎರಡು ಹೂಗಳ ಅಂಚನ್ನು ಪಕ್ಕಪಕ್ಕ ಇಟ್ಟು ನೋಡಿದರಾಯಿತು, ಏಕೆಂದರೆ ಅಚ್ಚಿನ ಬಟ್ಟೆಯಲ್ಲಿ ಒಂದೇ ಹೂವಿನ ಕದಡುವಿಕೆ ಸೀರೆಯುದ್ದಕ್ಕೂ ಮತ್ತೆ ಮತ್ತೆ ಬಂದಿರುತ್ತದೆ.